ಪಾಲಾದ ಜೋಡಿ ಸ್ಪೀಕರು

ನಿಮ್ಮ ಮನೆಯಲ್ಲಿ ಸ್ಪೀಕರುಗಳು ಜೋಡಿಯಾಗಿಯೇ ಇರಬಹುದು, ಇರಬೇಕಾದದ್ದೂ ಹಾಗೆಯೇ. ಚಳ್ಳಕೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಮಾತ್ರ ಬಹುಕಾಲ ಒಂಟಿ ಸ್ಪೀಕರೊಂದು ಗೋಡೆಗೆ ಬೆನ್ನು ಕೊಟ್ಟು, ತಲೆಯ ಮೇಲೆ ಉಪ್ಪಿನಕಾಯಿ ಜಾಡಿ ಹೊತ್ತು ನಿಂತಿತ್ತು. ತೇಗದ ಪೆಟ್ಟಿಗೆ, ನನ್ನ ಸೊಂಟದ ಎತ್ತರ, ಒಬ್ಬನೇ ಎತ್ತಲು ಹೋದರೆ ಸೊಂಟಕ್ಕೇ ಸಂಚಕಾರ. ಬಂದವರು ಅದನ್ನು ಸುತ್ತುಹಾಕಿ ನೋಡಿ, “ಇದ್ರ ಜೊತೇದು ಎಲ್ಲೈತೆ ಸಾರ್?” ಎಂದು ಕೇಳುವರು. “ಮೊಳಕಾಲ್ಮೂರಿನಲ್ಲಿ” ಎನ್ನುತ್ತಿದ್ದೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಮೇಷ್ಟ್ರಿಗೆ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಅವರು ನನ್ನ ಹೆಂಡತಿಯ ಮುಖ ನೋಡುವರು. ಅವಳು ಕಾಫಿ ತರುವ ನೆಪದಲ್ಲಿ ಒಳಗೆ ಹೋಗಿಬಿಡುವಳು.

ನಡೆದದ್ದು ಇಷ್ಟು. ಶೇಂಗಾ ವ್ಯಾಪಾರದ ನಮ್ಮಪ್ಪ ಒಳ್ಳೆಯ ಕಾಲದಲ್ಲಿ ಒಂದು ಸ್ಟೀರಿಯೊ ತಂದಿದ್ದರು: ಒಂದು ಆಂಪ್ಲಿಫೈಯರು, ಎರಡು ಸ್ಪೀಕರು. ಅಪ್ಪ ತೀರಿಕೊಂಡು ಕೆಲಕಾಲದ ಮೇಲೆ ನಾನೂ ನನ್ನ ಅಣ್ಣನೂ ಹಿಸ್ಸೆಯಾದೆವು. ಪಾಲು ಮಾಡಿಸಲು ಕೂತವರು ಗೌರಸಮುದ್ರದ ಸೋದರಮಾವ. ನ್ಯಾಯವೆಂದರೆ ಅವರಿಗೆ ತಕ್ಕಡಿಯಲ್ಲಿ ಶೇಂಗಾ ತೂಗಿದಷ್ಟೇ ಸಲೀಸು. ಎರಡು ಕೊಪ್ಪರಿಗೆ, ಆಚೆಗೊಂದು ಈಚೆಗೊಂದು. ಎರಡು ಮಂಚ, ಆಚೆಗೊಂದು ಈಚೆಗೊಂದು. ಸ್ಪೀಕರುಗಳ ಮುಂದೆ ಬಂದಾಗಲೂ ಅದೇ ಲೆಕ್ಕ. “ಎರಡು ಡಬ್ಬ ಐತೆ, ಇಬ್ರು ಮಕ್ಳವ್ರೆ. ಅದ್ರಾಗೇನ್ ಯೋಚ್ನೆ?” ಎಂದರು. ಆಂಪ್ಲಿಫೈಯರು ಅರಿಶಿನ ಕುಂಕುಮದ ಲೆಕ್ಕದಲ್ಲಿ ಕೊಂಡ್ಲಹಳ್ಳಿಯ ತಂಗಿ ರತ್ನಳ ಮನೆ ಸೇರಿತು. ಒಂದು ಹಾಡು ಹೀಗೆ ಮೂರು ಊರಿಗೆ ಹಂಚಿಹೋಯಿತು. ಅಯ್ಯೋ, ಜೋಡಿ ಒಡೆಯಬಾರದು ಅಂತ ಅಲ್ಲಿದ್ದ ಒಬ್ಬರಿಗೂ ಹೊಳೆಯಲಿಲ್ಲವೇ ಎಂದು ನೀವು ಕೇಳುತ್ತೀರಿ. ಅವ್ವನಿಗೆ ಹೊಳೆದಿತ್ತು. ಅವಳು ಸೆರಗು ಕೊಡವಿ ಎದ್ದು, “ನನ್ನೂ ಡಬ್ಬದಂಗೆ ಹಂಚ್ಕಂಡೀರಿ, ನಾನ್ ರತ್ನನ ಮನೀಗೆ ಹೋಗ್ತೀನಿ” ಎಂದು ಆಂಪ್ಲಿಫೈಯರಿನ ಹಿಂದೆಯೇ ಹೊರಟುಬಿಟ್ಟಳು.

ಅರ್ಧ ಸ್ಟೀರಿಯೊದ ಸುಖವನ್ನು ಉಂಡವನೇ ಬಲ್ಲ. ಪುಟ್ಟದೊಂದು ಆಂಪ್ಲಿಫೈಯರು ಕೊಂಡು ಫೋನಿನಿಂದ ಹಾಡು ಹಾಕಿದೆ. ಹಳೆಯ ಯುಗಳಗೀತೆಗಳಲ್ಲಿ ಹೆಣ್ಣುದನಿ ಒಂದು ಕಡೆ, ಗಂಡುದನಿ ಇನ್ನೊಂದು ಕಡೆ ಇರುವುದುಂಟು. ನಮ್ಮ ಪಡಸಾಲೆಯಲ್ಲಿ ನಾಯಕಿ ಲಜ್ಜೆಯಿಂದ ಒಂದು ಪ್ರಶ್ನೆ ಕೇಳಿ ಸುಮ್ಮನಾಗುವಳು, ಉತ್ತರ ಮೊಳಕಾಲ್ಮೂರಿನಲ್ಲಿ. ಎರಡನ್ನೂ ಬೆರೆಸಿ ಒಂದರಲ್ಲೇ ಹರಿಸುವ ಉಪಾಯ ನನಗೆ ತಿಳಿಯದ್ದೇನಲ್ಲ. ಆದರೆ ಹಾಗೆ ಮಾಡಿದರೆ ಅಣ್ಣನ ಪಾಲನ್ನು ಕದ್ದಂತಾಗುತ್ತದೆಂಬ ಹುಚ್ಚು ಅಭಿಮಾನ ಅಡ್ಡ ಬರುತ್ತಿತ್ತು.

ಜಗಳವೇನೂ ಆಗಿರಲಿಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅಣ್ಣ ಓಬಳೇಶ ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆಯ ವ್ಯಾಪಾರಿ. ಮದುವೆಯಲ್ಲೋ ತಿಥಿಯಲ್ಲೋ ಎದುರಾದರೆ ನಾವಿಬ್ಬರೂ ಬಿಸಿಲಿನ ಬಗ್ಗೆ ಗಂಭೀರವಾಗಿ ಮಾತಾಡಿ ಬೇರೆ ಬೇರೆ ಪಂಕ್ತಿಯಲ್ಲಿ ಕೂರುತ್ತಿದ್ದೆವು. ಸ್ಪೀಕರಿನ ಮಾತು ತಪ್ಪಿಯೂ ಬರುತ್ತಿರಲಿಲ್ಲ. ಆದರೆ ರತ್ನ ಇದ್ದಳಲ್ಲ! ಅವನ ಸುದ್ದಿ ನನಗೆ, ನನ್ನ ಸುದ್ದಿ ಅವನಿಗೆ, ಎರಡಕ್ಕೂ ಒಂದಿಷ್ಟು ಒಗ್ಗರಣೆ ಹಾಕಿ ಫೋನಿನಲ್ಲಿ ಬಡಿಸುವಳು. ಅಣ್ಣ ತನ್ನ ಪೆಟ್ಟಿಗೆಗೆ ಪಾಲಿಶು ಹೊಡೆಸಿದನೆಂದು ತಿಳಿದ ದಿನವೇ ನಾನು ಉಪ್ಪಿನಕಾಯಿ ಜಾಡಿ ಇಳಿಸಿದೆ.

ಹಳೆಯ ಸ್ಪೀಕರಿನ ಮುಪ್ಪು ಅಂಚಿನಿಂದ ಶುರುವಾಗುತ್ತದೆ. ಅದುರುವ ಕಾಗದದ ಬೋಗುಣಿಯ ಸುತ್ತ ಸ್ಪಂಜಿನ ಬಳೆಯೊಂದಿರುತ್ತದಲ್ಲ, ಅದು ವಯಸ್ಸಾದಂತೆ ಕರಿಪುಡಿಯಾಗಿ ಉದುರುತ್ತದೆ. ಹೊಸ ಬಳೆ ಕೊರಿಯರಿನಲ್ಲಿ ತರಿಸಿ ಅಂಟಿಸಿದೆ. ಒಂದು ಕೂದಲೆಳೆ ಓರೆಯಾಯಿತು, ಗಾಯಕಿಗೆ ಗಂಟಲು ಕೆರೆತ ಹತ್ತಿತು. ಕಿತ್ತು ಮತ್ತೆ ಅಂಟಿಸಿದೆ. ಒಳಗಿನ ಪ್ರತಿಧ್ವನಿ ಹೀರಲು ಪೆಟ್ಟಿಗೆಯಲ್ಲಿ ಉಣ್ಣೆ ತುಂಬಬೇಕೆಂದು ಓದಿದ್ದೆ. ಕಂಬಳಿಗೆ ಹೆಸರಾದ ಊರಿನಲ್ಲಿ ಕೂತು ಉಣ್ಣೆಗೆ ಯೋಚಿಸುವುದೇ? ಹೊಚ್ಚಹೊಸ ಕಂಬಳಿಯನ್ನೇ ಕತ್ತರಿಸಿ ತುರುಕಿದೆ. ನಮ್ಮ ಕಂಬಳಿಗೆ ಹುಣಸೆಬೀಜದ ಗಂಜಿ ಹಾಕಿ ಬಿರುಸು ಮಾಡುತ್ತಾರೆಂಬುದು ಊರಿಗೆಲ್ಲ ಗೊತ್ತು, ಆ ಹೊತ್ತಿಗೆ ನನಗೊಬ್ಬನಿಗೆ ಮರೆತಿತ್ತು. ಅದು ಸದ್ದನ್ನು ಹೀರಲಿಲ್ಲ. ಹಪ್ಪಳದಂತೆ ಸೆಟೆದು ನಿಂತು, ಗಂಜಿಯ ವಾಸನೆಗೆ ಒಂದು ಇಲಿಯನ್ನು ಬರಮಾಡಿಕೊಂಡಿತು. ಇಲಿಯನ್ನು ಓಡಿಸಿ, ಪರಶುರಾಂಪುರದ ಕುರಿಗಾಹಿಗಳಿಂದ ಹಸಿ ಉಣ್ಣೆ ತಂದು, ತೊಳೆದು, ಹಿಂಜಿ ತುಂಬಿದೆ. ಸ್ವರ ತುಪ್ಪದಂತಾಯಿತು. ಮೋಡ ಮುಸುಕಿದ ದಿನ ಮಾತ್ರ ಯಾವ ರಾಗ ಹಾಕಿದರೂ ಕುರಿಹಟ್ಟಿಯ ಘಮಲು ಬರುತ್ತಿತ್ತು, ಹೆಂಡತಿ ಊದುಬತ್ತಿ ಹಚ್ಚಿ ನನ್ನನ್ನು ದುರುಗುಟ್ಟಿ ನೋಡುತ್ತಿದ್ದಳು.

ಅತ್ತ ಅಣ್ಣ ಮುಂಭಾಗದ ಬಟ್ಟೆ ಕಿತ್ತು ಮೊಳಕಾಲ್ಮೂರು ರೇಷ್ಮೆಯನ್ನೇ ಬಿಗಿದಿದ್ದನಂತೆ, ನವಿಲಿನ ಅಂಚಿನ ಸಮೇತ. ಒತ್ತು ನೇಯ್ಗೆಯೊಳಗಿಂದ ಕೊಳಲು ಹೊರಬರಲಾರದೆ ಉಸಿರುಗಟ್ಟಿತಂತೆ. ಆಮೇಲೆ ತೆಳ್ಳನೆಯ ರೇಷ್ಮೆ ಹಾಕಿಸಿದನಂತೆ, ಒಳಗಿನ ವೈರುಗಳನ್ನೂ ತಾನೇ ಕೂತು ಹೊಸದಾಗಿ ಬೆಸೆದನಂತೆ. ಇದೆಲ್ಲ ರತ್ನಳ ವರದಿ. ಸುಳ್ಳೇಕೆ, ಕೇಳಿ ನನಗೆ ಹೊಟ್ಟೆ ಉರಿಯಿತು. ಜೊತೆಗೆ, ಅವನು ಒಬ್ಬನೇ ಕೂತು ಬೆಸುಗೆ ಹಾಕುವಾಗ ಪಕ್ಕದಲ್ಲಿದ್ದು “ಅಲ್ಲಲ್ಲ, ಹಾಗಲ್ಲ” ಎನ್ನಬೇಕಾಗಿದ್ದವನು ನಾನಲ್ಲವೇ ಎಂದೂ ಅನ್ನಿಸಿತು.

ಇಬ್ಬರ ಪ್ರತಾಪವನ್ನೂ ಕೇಳಿ ಕೇಳಿ ಅವ್ವನಿಗೆ ಸಾಕಾಯಿತು. ಒಂದು ದಿನ ಫೋನು ಬಂತು. “ಇಬ್ರೂ ಡಬ್ಬ ತಗಂಡು ಭಾನುವಾರ ಬರ್ರಿ. ನಿಮ್ಮಪ್ಪ ಇದ್ದಾಗ ಹೆಂಗೆ ಹಾಡ್ತಿದ್ವೋ ಹಂಗೆ ಜೊತೇಲಿ ಹಾಡ್ಸ್ರಿ. ಹಾಡಿದ್ರೆ ಜೋಡಿ ಒಬ್ರ ಮನೇಲಿರ್ಲಿ. ಹಾಡ್ಲಿಲ್ವಾ, ಇಲ್ಲೇ ಬಿಟ್ಟು ಹೋಗ್ರಿ. ನನ್ನ ಕೋಳಿ ಕಾವಿಗೆ ಕೂರಾಕೆ ಜಾಗ ಇಲ್ಲ.” ಅವ್ವ ಆಡಿದ್ದನ್ನು ಮಾಡುವವಳು. ನನಗೆ ಕೋಳಿಯ ಭಯವಿತ್ತು, ನಿಜ. ಅದಕ್ಕಿಂತ ದೊಡ್ಡ ಭಯ ಬೇರೆಯದು. ಈ ನೆಪವೂ ಕೈತಪ್ಪಿದರೆ ಅಣ್ಣನೊಡನೆ ಬಿಸಿಲಿನ ಮಾತಾಡುತ್ತಲೇ ನಾನು ಮುದುಕನಾಗುತ್ತೇನೆ ಎಂದು.

ಭಾನುವಾರ ರತ್ನಳ ನಡುಮನೆಯಲ್ಲಿ ಅವ್ವನ ಮಂಚದ ಎರಡೂ ಬದಿಗೆ ಎರಡು ಪೆಟ್ಟಿಗೆ ನಿಂತವು. ಅವನದರ ಮೇಲೆ ರೇಷ್ಮೆ, ನನ್ನದರೊಳಗೆ ಉಣ್ಣೆ. ನಡುವೆ ಅಪ್ಪನ ಆಂಪ್ಲಿಫೈಯರು. ಹಾಡು ಹಾಕಿದೆವು. ಏನು ಹೇಳಲಿ! ಒಂಟಿಯಾಗಿದ್ದಾಗ ಎದೆ ತುಂಬಿ ಹಾಡುತ್ತಿದ್ದ ಎರಡೂ ಜೊತೆಗೂಡಿದ್ದೇ ತಡ ಪೇಲವವಾಗಿಬಿಟ್ಟವು. ಮೃದಂಗದ ಗುಮುಕಿ ಮಾಯ, ಹಾಡಿಗೆ ಹೊಟ್ಟೆಯೇ ಇಲ್ಲ. “ಇದೇನ್ರಲಾ, ಉಪವಾಸ ಬಿದ್ದೋರು ಹಾಡ್ದಂಗೈತೆ” ಎಂದಳು ಅವ್ವ.

ಕಾರಣ ನನಗೆ ತಕ್ಷಣ ತಿಳಿಯಿತು, ಅಣ್ಣನಿಗೂ ತಿಳಿಯಿತು. ಎರಡರಲ್ಲಿ ಒಂದರ ವೈರು ತಿರುವುಮುರುವಾಗಿತ್ತು. ಒಂದು ಗಾಳಿಯನ್ನು ಮುಂದೆ ತಳ್ಳುವ ಗಳಿಗೆಯಲ್ಲಿ ಇನ್ನೊಂದು ಹಿಂದೆ ಎಳೆಯುತ್ತದೆ. ಇದು ತಳ್ಳಿದ್ದನ್ನು ಅದು ನುಂಗುತ್ತದೆ, ತಗ್ಗು ಸ್ವರವೆಲ್ಲ ನಡುವೆಯೇ ಸತ್ತುಹೋಗುತ್ತದೆ. ಮದ್ದು ಸುಲಭ. ಯಾವುದಾದರೂ ಒಂದು ಪೆಟ್ಟಿಗೆಯ ಬೆನ್ನಿನಲ್ಲಿ ಕೆಂಪು ವೈರು, ಕಪ್ಪು ವೈರು ಜಾಗ ಬದಲಿಸಿದರೆ ಮುಗಿಯಿತು. ಇಂಥದ್ದೇ ಎಂದಿಲ್ಲ, ಯಾವುದಾದರೂ ಒಂದು.

“ನಿಂದು ಉಲ್ಟಾ ಐತೆ, ತಿರುಗ್ಸು” ಎಂದ ಅಣ್ಣ.

“ವೈರು ಬೆಸೆದವನು ನೀನು. ನಿಂದೇ ತಿರುಗ್ಸು.”

“ಲೇ, ಮನೇಲಿ ಒಂದೇ ಇದ್ದಾಗ ನಂದು ಗುಡುಗ್ತಿತ್ತು ಕಣಲೇ.”

“ನಂದೇನು ಸೀನ್ತಿತ್ತಾ?”

ಮುಂದಿನದನ್ನು ಬರೆಯಲು ನಾಚಿಕೆ. ತಲೆ ನರೆತ ಇಬ್ಬರು ಗಂಡಸರು ಒಂದು ಗೇಣು ವೈರಿಗೆ ಕುತ್ತಿಗೆ ನರ ಉಬ್ಬಿಸಿಕೊಂಡು ನಿಂತಿದ್ದೆವು. ರತ್ನ “ಮುದ್ದೆ ಆರೋಯ್ತೈತೆ” ಎಂದು ಕೂಗಿದಳು. ಅಣ್ಣ ಕೈ ತೊಳೆಯಲು ಹಿತ್ತಲಿಗೆ ಹೋದ. ಅವನ ಬೆನ್ನು ಕಂಡದ್ದೇ ನನಗೆ ಏನೋ ಆಯಿತು. ಅಪ್ಪನ ನಡಿಗೆಯೇ, ಎಡಗಾಲು ಚೂರು ಎಳೆದು ಹಾಕುವುದೂ ಹಾಗೆಯೇ. ಹಾಳಾಗಲಿ, ನನ್ನದೇ ಉಲ್ಟಾ ಇರಲಿ ಎಂದುಕೊಂಡು ಬಗ್ಗಿ, ನನ್ನ ಪೆಟ್ಟಿಗೆಯ ವೈರುಗಳನ್ನು ಸರಸರನೆ ಬದಲಿಸಿ, ಏನೂ ಅರಿಯದವನಂತೆ ಕೈ ತೊಳೆಯಲು ಹೋದೆ. ಮಂಚದ ಮೇಲೆ ಅವ್ವ ಕಣ್ಣು ಮುಚ್ಚಿ ಮಲಗಿದ್ದಳು.

ಊಟವಾಯಿತು. ಶೇಂಗಾ ಚಟ್ನಿ ಹೊಗಳುವ ನೆಪದಲ್ಲಿ ನಾವು ಒಂದೆರಡು ಮಾತೂ ಆಡಿದೆವು. ಮತ್ತೆ ಹಾಡು ಹಾಕಿದಾಗ ನಾನು ಗೆದ್ದವನಂತೆ, ಅಲ್ಲ, ಸೋತು ದೊಡ್ಡವನಾದವನಂತೆ ಕೈ ಕಟ್ಟಿ ನಿಂತೆ. ವಿಚಿತ್ರವೆಂದರೆ ಅಣ್ಣನೂ ಅದೇ ಠೀವಿಯಲ್ಲಿ ನಿಂತಿದ್ದ. ಹಾಡು ಬಂತು. ಅದೇ ಪೇಲವ, ಅದೇ ಉಪವಾಸ! ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ.

ಅವ್ವ ಕಣ್ಣು ಬಿಟ್ಟಳು. “ಇವ್ನು ನಿನ್ ಬೆನ್ನಿಂದೆ ತನ್ನ ವೈರು ತಿರುಗ್ಸ್ದ, ನೀನು ಇವ್ನ್ ಬೆನ್ನಿಂದೆ ನಿನ್ ವೈರು ತಿರುಗ್ಸ್ದೆ. ಒಬ್ಬ ಸೋತ್ರೆ ಸಾಕಾಗಿತ್ತು, ಇಬ್ರೂ ಕದ್ದು ಸೋತ್ರಲ್ಲೋ ನನ್ನಪ್ಪಗಳಿರಾ!”

ಅಣ್ಣನ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಬಾಯಿಗೆ ಬಂತು. ನಾನೂ ನಕ್ಕೆ, ನಗುತ್ತಲೇ ಕಣ್ಣೊರೆಸಿಕೊಂಡೆ. ಮರುಕ್ಷಣವೇ ಹೊಸ ಜಗಳ. “ಬಿಡಲೇ, ನಾನೇ ತಿರುಗ್ಸ್ತೀನಿ.” “ಬ್ಯಾಡಣ್ಣ, ನಂದೇ ತಿರುಗಿಸ್ತೀನಿ.” ಕೊನೆಗೆ ಅವ್ವ ನನ್ನ ಅಂಗಿ ಹಿಡಿದು ಮಂಚದ ಮೇಲೆ ಕೂರಿಸಿ, “ಚಿಕ್ಕೋನು ಕೂತ್ಕ. ಈ ಸಲ ದೊಡ್ಡೋನು ಸೋಲ್ಲಿ” ಎಂದಳು. “ಸರ್ಲೇ” ಎಂದು ಮೊಳಕಾಲ್ಮೂರಿನ ತೆಲುಗಿನಲ್ಲಿ ಒಪ್ಪಿಕೊಂಡು ಅಣ್ಣ ಮಂಡಿಯೂರಿದ. ಮೃದಂಗ ನೆಲದಿಂದ ಎದ್ದು ಬಂದು ಎದೆಗೆ ಬಡಿಯಿತು, ರತ್ನಳ ಸ್ಟೀಲಿನ ತಟ್ಟೆಗಳು ಗಲಗಲ ಎಂದವು. ನಾಯಕಿ ಕೇಳಿದ ಪ್ರಶ್ನೆಗೆ ಅಷ್ಟು ವರ್ಷಗಳ ಮೇಲೆ ಮಂಚದ ಆಚೆಯಿಂದ ಉತ್ತರ ಬಂತು.

ಜೋಡಿಯನ್ನು ಯಾರು ಒಯ್ಯಬೇಕು? “ನೀನು ತಗಂಡ್ಹೋಗು” ಎಂದು ಅವನು, “ನಿನಗೇ ಇರಲಿ” ಎಂದು ನಾನು ಹಟ ಹಿಡಿದು, ಬಸ್ಸು ಬರುವ ಹೊತ್ತಾದರೂ ತೀರ್ಮಾನವಾಗದೆ ಎರಡೂ ಅಲ್ಲೇ ಉಳಿದವು. ಈಗ ಹಾಡು ಕೇಳಬೇಕೆಂದರೆ ನಾನು ಚಳ್ಳಕೆರೆಯಲ್ಲಿ ಬಸ್ಸು ಹತ್ತಬೇಕು, ಅಣ್ಣ ಮೊಳಕಾಲ್ಮೂರಿನಲ್ಲಿ. ಮೊನ್ನೆ ಅವನಿಗೆ ಹೇಳದೆ ನಾನೊಬ್ಬನೇ ಹೋಗಿದ್ದೆ. ಸ್ವಿಚ್ಚಿಗೆ ಕೈ ಹಾಕಿದೆನೋ ಇಲ್ಲವೋ, ಅವ್ವ ಫಟ್ಟನೆ ಕೈ ಮೇಲೆ ಹೊಡೆದಳು.

“ಇನ್ನೊಬ್ಬ ಬರ್ಲಿ, ತಡಿ” ಎಂದಳು.