ಸಿನಿಮಾದ ಸೋಬಾನೆಯಲ್ಲಿ ತವರಿನ ಹೆಸರು

ಬಿಡದಿಗೆ ಬಂದ ಮೊದಲ ದಿನವೇ ಪಕ್ಕದ ಮನೆಯಿಂದ ಒಣಮೆಣಸಿನಕಾಯಿ ಹುರಿದ ಘಾಟು ಬಂತು. "ನಿಲ್ಸವ್ವ, ಹುಳ ಸತ್ತೋಯ್ತವೆ" ಎಂದು ಓಡಿದೆ. ಸೌಟು ಹಿಡಿದಿದ್ದ ಒಡಿಶಾದ ಹೆಂಗಸು ಅರ್ಥವಾಗದೆ ನನ್ನ ಮುಖ ನೋಡಿದಳು. ಆಮೇಲೆ ನೆನಪಾಯಿತು, ಇಲ್ಲಿ ರೇಷ್ಮೆಹುಳವೇ ಇಲ್ಲ. ಅಕ್ಕೂರಿನ ನಮ್ಮ ಮನೆಯಲ್ಲಿ ಹುಳಕ್ಕೆ ಹೆದರಿ ನಲವತ್ತು ವರ್ಷ ಘಾಟು ಏಳದಂತೆ ಒಗ್ಗರಣೆ ಹಾಕಿದವಳು ನಾನು.

ಮಗಳಿಗೂ ಮೊಮ್ಮಗಳು ಭಾಗ್ಯಳಿಗೂ ಇಲ್ಲಿ ಕಾರ್ಖಾನೆ ಕೆಲಸ. ಅಡುಗೆಗೆಂದು ನಾನು ಬಂದೆ. ಅಲ್ಲಿ ಹಿತ್ತಿಲಿಗೆ ಹೋಗಿಬರುವಷ್ಟರಲ್ಲಿ ನಾಲ್ವರು ಮಾತಾಡಿಸುತ್ತಿದ್ದರು. ಇಲ್ಲಿ ಇಡೀ ಮನೆ ಹನ್ನೆರಡು ಹೆಜ್ಜೆ, ಮಾತಾಡಿಸುವವರಿಲ್ಲ. ಮೊದಲ ವರ್ಷ ಮೈಯೆಲ್ಲ ಮರಗಟ್ಟಿದಂತಿತ್ತು. ಬಿಸಿ ಮುದ್ದೆ ಮುರಿದರೂ ಬೆರಳಿಗೆ ತಿಳಿಯದು. ಆ ಒಡಿಶಾದವಳು ಮಾತ್ರ "ಮೌಸಿ" ಎಂದು ಬಾಗಿಲಿಗೆ ಬರುವಳು. ಅವರ ಭಾಷೆಯಲ್ಲಿ ಚಿಕ್ಕಮ್ಮ ಅಂತ. ಅವಳು ಸಾಸಿವೆ ಎಣ್ಣೆಯ ಪಲ್ಯ ಕೊಟ್ಟರೆ ನಾನು ಬಸ್ಸಾರು ಕೊಡುತ್ತಿದ್ದೆ.

ಹೀಗಿರುವಾಗ ನಮ್ಮ ವಠಾರಕ್ಕೆ ಸಿನಿಮಾದವರು ಬಂದರು. ಹಾಡೇ ತುಂಬಿದ ನಗೆ ಸಿನಿಮಾ. ಕ್ಯಾಸೆಟ್ಟುಗಳಿಂದ ಮನೆಮಾತಾದ ಗಾಯಕನೇ ಹೀರೊ. ತಪ್ಪು ಮದುವೆಮನೆಗೆ ಹೋಗಿ ಸಿಕ್ಕಿಬೀಳುವ ವಾಲಗದವನ ಪಾತ್ರ. ಮದುವೆ ಛತ್ರ ಬಾಡಿಗೆಗೆ ಹಿಡಿಯುವಷ್ಟು ದುಡ್ಡಿಲ್ಲದೆ ವಠಾರದಲ್ಲೇ ಚಪ್ಪರ ಹಾಕಿದರು, ಸೋಬಾನೆಗೂ ನಮ್ಮನ್ನೇ ಕೂರಿಸಿದರು.

"ವಾಲಗದೋನ ವೇಷ ನಂಗೆ ಒಪ್ಪುತ್ತಾ ಅಜ್ಜಿ?" ಎಂದ ಗಾಯಕ, ನಾಗಸ್ವರ ಹಿಡಿದು.

"ಒಪ್ತದೆ ಕಣಪ್ಪ. ಊದೋ ತುದೀನ ಬಾಯ್ ಕಡೀಕ್ ಇಟ್ಕೊಂಡ್ರೆ ಇನ್ನೂ ಒಪ್ತದೆ" ಎಂದೆ. ಎಲ್ಲರೂ ನಕ್ಕರು, ಅವನೂ ನಕ್ಕ.

ಭಾಗ್ಯಳ ದನಿ ಅವನಿಗೆ ಹಿಡಿಸಿತು. "ಎರಡು ಸಾಲು ನೀನೊಬ್ಳೇ ಹೇಳಮ್ಮ, ಅದನ್ನೇ ಸಿನಿಮಾದಲ್ಲಿ ಇಟ್ಕೊಳ್ತೀವಿ" ಎಂದು, ಗಲಾಟೆ ಬೇಡವೆಂದು ನಮ್ಮನ್ನೆಲ್ಲ ಹೊರಗೆ ಕಳಿಸಿ ಮೈಕಿನ ಮುಂದೆ ಹಾಡಿಸಿದ.

ನಮ್ಮ ಕಡೆ ಸೋಬಾನೆಯಲ್ಲಿ ಹೆಣ್ಣಿನ ತವರೂರಿನ ಹೆಸರು ಸೇರಿಸುವುದು ವಾಡಿಕೆ. ಭಾಗ್ಯಳಿಗೆ ಕಲಿಸಿದವಳು ನಾನೇ, ಅಕ್ಕೂರು ಸೇರಿಸಿಯೇ ಕಲಿಸಿದ್ದೆ. ಹಾಗಾಗಿ ಅವಳು ಹಾಡಿದ್ದನ್ನು ಕೇಳುವ ಮೊದಲೇ ನಮ್ಮೂರಿಗೆ ಹೇಳಿ ಕಳಿಸಿಬಿಟ್ಟೆ: ಊರಿನ ಹೆಸರು ಸಿನಿಮಾದಲ್ಲಿ ಬರುತ್ತದೆ, ಎಲ್ಲರೂ ಬನ್ನಿ.

ಬಂದರು. ಚನ್ನಪಟ್ಟಣದ ಟಾಕೀಸಿಗೆ ನನ್ನ ವಾರಗಿತ್ತಿ ಕೆಂಪಮ್ಮ ಒಂದು ಟೆಂಪೊ ತುಂಬ ಜನರನ್ನು ಕರೆತಂದಳು. ಎರಡು ಸಾಲು ಕುರ್ಚಿ ತುಂಬ ನಾವೇ. ಹಾಡು ಬಂತು. ಟಾಕೀಸಿನ ಮೂಲೆಮೂಲೆಗೂ ನನ್ನ ಮೊಮ್ಮಗಳ ದನಿ.

"ಬಿಡದಿಯ ಬೀದೀಲಿ ಬೆಳೆದವಳ ಕಳಿಸೀವಿ..."

ಜನ ಶಿಳ್ಳೆ ಹೊಡೆದರು. ನನ್ನ ಎದೆ ಉಕ್ಕಿತು. ಅಕ್ಕೂರಿನವರ ಕಡೆ ಮಾತ್ರ ತಿರುಗಲು ಆಗಲಿಲ್ಲ.

ಭಾಗ್ಯ ಕಿವಿಯಲ್ಲಿ ಅಂದಳು, "ಹಾಡೋವಾಗ ಅದೇ ಬಾಯಿಗೆ ಬಂದ್ಬುಡ್ತು ಅಜ್ಜಿ. ಬೇಜಾರಾ?"

"ನಿನ್ ದನಿ ಬಂತಲ್ಲ ಮಗ. ನಂಗಿನ್ನೇನ್ ಬೇಕು" ಎಂದೆ. ಸುಳ್ಳಲ್ಲ. ಆ ಖುಷಿ ಈಗಲೂ ಇಳಿದಿಲ್ಲ, ಸಿಕ್ಕವರಿಗೆಲ್ಲ ಹೇಳುತ್ತಿದ್ದೇನೆ.

ಹೊರಗೆ ಬಂದಾಗ ಕೆಂಪಮ್ಮ ಕೈ ಹಿಡಿದುಕೊಂಡಳು. ಕುಹಕವೇನೂ ಇರಲಿಲ್ಲ ಅವಳ ಮಾತಿನಲ್ಲಿ. "ನಿಮ್ಮೂರ ಹೆಸ್ರು ಚೆಂದಾಗ್ ಕೇಳ್ತು ಕಣಕ್ಕ" ಎಂದಳು.

"ಹೂಂ ಕಣವ್ವ" ಎಂದೆ. ನನ್ನೂರಿನವಳೇ ನನ್ನನ್ನು ಬಿಡದಿಯವಳನ್ನಾಗಿ ಮಾಡಿಬಿಟ್ಟಳು. ಬಿಡದಿಯ ವಠಾರದಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಅಕ್ಕೂರಜ್ಜಿ ಎಂದು.