ಬ್ರೇಕ್ ಹಾಕಿದ ಮೇಲೆ

ನಮ್ಮ ಕಡೆ ರೈಲು ಇರಲಿಲ್ಲ. ಮೂಡಿಗೆರೆಯವರು ರೈಲು ನೋಡಬೇಕೆಂದರೆ ಒಂದೋ ಸಕಲೇಶಪುರಕ್ಕೆ ಹೋಗಬೇಕು, ಇಲ್ಲವೇ ಚಿಕ್ಕಮಗಳೂರು ದಾಟಿ ಕಡೂರಿಗೆ. ಅಂಥ ಊರಿನಿಂದ ಹೋಗಿ ನಾನು ರೈಲು ಡ್ರೈವರಾದೆ. ಗೋಣಿಬೀಡಿನ ಹತ್ತಿರದ ಒಂದು ಕಾಫಿ ಎಸ್ಟೇಟಿನ ಕೂಲಿಗಳ ಲೈನ್ ಮನೆಯಲ್ಲಿ ಬೆಳೆದವನು ನಾನು. ಅಪ್ಪ ಅಲ್ಲಿ ಮೇಸ್ತ್ರಿ, ಅಮ್ಮ ಕಾಫಿ ಹಣ್ಣು ಕೊಯ್ಯುವವಳು. ತೊಂಬತ್ತರ ದಶಕದ ಮೊದಲಲ್ಲಿ ಐಟಿಐ ಮುಗಿಸಿ, ಪರೀಕ್ಷೆ ಬರೆದು, ಸಹಾಯಕ ಚಾಲಕನಾಗಿ ಸೇರಿದೆ. ಸುಮಾರು ಹತ್ತು ವರ್ಷ ಕಳೆದ ಮೇಲೆ ಗೂಡ್ಸ್ ಗಾಡಿ ನನ್ನ ಕೈಗೆ ಬಂತು.

ಅಮ್ಮ ಅಷ್ಟು ವರ್ಷದಲ್ಲಿ ಒಮ್ಮೆಯೂ ರೈಲು ಹತ್ತಿದವಳಲ್ಲ. "ಅದ್ರಲ್ಲಿ ಸ್ಟೇರಿಂಗೇ ಇಲ್ವಂತೆ, ಮತ್ತೆ ನಿಂಗೆಂತ ಕೆಲ್ಸ?" ಎಂದು ಕೇಳುತ್ತಿದ್ದಳು.

"ನಿಲ್ಸೋದೇ ಕೆಲ್ಸ" ಎನ್ನುತ್ತಿದ್ದೆ. ತಮಾಷೆಗೆ ಹೇಳಿದ್ದಲ್ಲ. ತುಂಬಿದ ಗಾಡಿಯನ್ನು ಓಡಿಸುವುದಕ್ಕಿಂತ ನಿಲ್ಲಿಸುವುದನ್ನು ಕಲಿಯುವುದಕ್ಕೇ ನನಗೆ ಹೆಚ್ಚು ವರ್ಷ ಹಿಡಿದಿತ್ತು.

ಎರಡು ಸಾವಿರದ ಇಸವಿ ಕಳೆದು ಮೂರು ನಾಲ್ಕು ವರ್ಷವಾಗಿರಬೇಕು. ಬಯಲುಸೀಮೆಯಲ್ಲಿ ರಾಗಿ ಕೊಯ್ಲಿನ ಕಾಲ. ಕಡೂರಿನ ಕಡೆ ಮಧ್ಯಾಹ್ನದ ಬಿಸಿಲಿನಲ್ಲಿ ಹೋಗುತ್ತಿದ್ದೆ. ಹಿಂದೆ ತುಂಬಿದ ವ್ಯಾಗನ್ನುಗಳ ಉದ್ದದ ಸಾಲು. ದೂರದಲ್ಲಿ ವಯಸ್ಸಾದವರೊಬ್ಬರು ಎರಡು ಎತ್ತುಗಳನ್ನು ಹಿಡಿದುಕೊಂಡು ಹಳಿ ದಾಟುತ್ತಿದ್ದರು. ಹಾರ್ನ್ ಮಾಡಿದೆ. ಅವರೂ ಒಂದು ಎತ್ತೂ ದಾಟಿಯಾಯಿತು. ಇನ್ನೊಂದು ಎತ್ತು ಹಳಿಯ ನಡುವೆ ನಿಂತುಬಿಟ್ಟಿತು. ಅವರು ತಿರುಗಿ ಬಂದು ಅದರ ಮೂಗುದಾರ ಹಿಡಿದು ಎಳೆಯತೊಡಗಿದರು.

ಬ್ರೇಕಿನ ಹ್ಯಾಂಡಲನ್ನು ಕೊನೆಯವರೆಗೆ ತಳ್ಳಿದೆ. ಪೈಪಿನಲ್ಲಿದ್ದ ಗಾಳಿ ಭುಸ್ಸೆಂದು ಹೊರಬಿತ್ತು. ಅಲ್ಲಿಗೆ ನನ್ನ ಕೈಯಲ್ಲಿದ್ದದ್ದು ಮುಗಿಯಿತು. ಗಾಡಿ ನಿಂತಾಗ ಎಂಜಿನ್ನು ಆ ಜಾಗ ದಾಟಿ ಬಹಳ ಮುಂದೆ ಬಂದಿತ್ತು. ನಾನೂ ನನ್ನ ಸಹಾಯಕನೂ ಇಳಿದು ಹಿಂದಕ್ಕೆ ನಡೆದು ಹೋಗಿ ನೋಡಿದೆವು. ಅವರೂ ಆ ಎತ್ತೂ ಉಳಿದಿರಲಿಲ್ಲ. ದಾಟಿದ್ದ ಎತ್ತು ಬದುವಿನ ಮೇಲೆ ನಿಂತುಕೊಂಡು ಮೇಯುತ್ತಿತ್ತು.

ವಿಚಾರಣೆಯಲ್ಲಿ ನನ್ನ ತಪ್ಪಿಲ್ಲವೆಂದು ಬರೆದರು. ರಜೆ ಹಾಕಿ ಊರಿಗೆ ಬಂದೆ.

ಎಸ್ಟೇಟಿನಲ್ಲಿ ಕೊಯ್ಲು ಜೋರಾಗಿತ್ತು. ಕಣದ ತುಂಬ ಹಣ್ಣಿನ ಸಿಪ್ಪೆ ತೆಗೆದ ಪಾರ್ಚ್‌ಮೆಂಟ್ ಹರಡಿತ್ತು. ಸುದ್ದಿ ನನಗಿಂತ ಮೊದಲೇ ಬಂದು ಮುಟ್ಟಿತ್ತು. ಚಾರ್ಮಾಡಿ ಘಾಟಿಯಲ್ಲಿ ಇಪ್ಪತ್ತು ವರ್ಷ ಲಾರಿ ಓಡಿಸಿದವರೊಬ್ಬರು ಕಣದ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡವರೇ ಕೇಳಿದರು.

"ಅಷ್ಟು ದೂರದಿಂದ ಕಂಡಿತ್ತಲ್ಲ ಮಾರಾಯ, ಒಂದು ಬ್ರೇಕ್ ಹಾಕಕ್ಕೆ ಆಗ್ಲಿಲ್ವಾ?"

"ಹಾಕ್ದೆ."

"ಹಾಕಿದ್ರೆ ನಿಲ್ಬೇಕಲ್ಲ?"

ಅವರು ಕೆಟ್ಟದ್ದಕ್ಕೆ ಕೇಳಿದ್ದಲ್ಲ. ಅವರ ಕಾಲಿಗೆ ಗೊತ್ತಿದ್ದ ಬ್ರೇಕು ಬೇರೆ. ನಾನು ಅವರ ಪಕ್ಕದಲ್ಲಿ ಕೂತು ಹೇಳಲು ಶುರು ಮಾಡಿದೆ. ಎಂಜಿನ್ನಿನಿಂದ ಕೊನೆಯ ವ್ಯಾಗನ್ನಿನವರೆಗೆ ಒಂದೇ ಪೈಪು ಇರುತ್ತದೆ, ಅದರ ತುಂಬ ಒತ್ತಿ ತುಂಬಿದ ಗಾಳಿ ಇರುತ್ತದೆ. ಗಾಳಿ ತುಂಬಿರುವವರೆಗೂ ಚಕ್ರ ಸಲೀಸಾಗಿ ತಿರುಗುತ್ತದೆ. ಗಾಳಿ ಬಿಟ್ಟರೆ ಬ್ರೇಕ್ ಹಿಡಿಯುತ್ತದೆ. ಪೈಪು ಒಡೆದರೂ ಗಾಡಿ ತಾನಾಗಿ ನಿಲ್ಲಲಿ ಎಂದು ಹಾಗೆ ಮಾಡಿದ್ದಾರೆ. ಪ್ರತಿ ವ್ಯಾಗನ್ನಿನ ಅಡಿಯಲ್ಲೂ ಒಂದು ಗಾಳಿಯ ಟ್ಯಾಂಕಿದೆ. ಪೈಪಿನ ಒತ್ತಡ ಇಳಿದದ್ದು ಗೊತ್ತಾದ ತಕ್ಷಣ ಆ ಟ್ಯಾಂಕಿನ ಗಾಳಿ ಸಿಲಿಂಡರಿಗೆ ನುಗ್ಗಿ ಪಿಸ್ಟನ್ನನ್ನು ತಳ್ಳುತ್ತದೆ. ಪಿಸ್ಟನ್ನು ಸರಳುಗಳನ್ನು ಎಳೆದು ಬ್ರೇಕಿನ ಬ್ಲಾಕುಗಳನ್ನು ಚಕ್ರಕ್ಕೆ ಒತ್ತುತ್ತದೆ. ಆದರೆ ಒತ್ತಡ ಇಳಿದ ಸುದ್ದಿ ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುತ್ತಾ ಕೊನೆಯವರೆಗೆ ಹೋಗಬೇಕು. ಹಿಡಿದ ಮೇಲೂ ಕಬ್ಬಿಣದ ಚಕ್ರ ಕಬ್ಬಿಣದ ಹಳಿಯ ಮೇಲೆ ಜಾರುತ್ತದೆ, ಟಯರಿನ ಹಾಗೆ ರಸ್ತೆ ಕಚ್ಚುವುದಿಲ್ಲ.

ಲಾರಿಯವರು ಬೀಡಿ ಹಚ್ಚಿಕೊಂಡು ಕೇಳಿಸಿಕೊಂಡರು. "ಆದ್ರೂ..." ಎಂದು ಅಲ್ಲಿಗೇ ನಿಲ್ಲಿಸಿದರು.

ಆ ವಾರ ಎಷ್ಟು ಜನಕ್ಕೆ ಹೀಗೆ ಹೇಳಿದೆನೋ. ಗೋಣಿಬೀಡಿನ ಚಹಾದ ಅಂಗಡಿಯಲ್ಲಿ, ಬಸ್ಸಿಗೆ ಕಾಯುವಾಗ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ ಮನೆಯ ಜಗಲಿಯಲ್ಲಿ. ಎಲ್ಲ ಕೇಳಿಸಿಕೊಂಡು ಕೊನೆಗೆ "ಆದ್ರೂ" ಎನ್ನುತ್ತಿದ್ದರು. ಹೇಳಿದಷ್ಟೂ ನಾನೇ ಏನನ್ನೋ ಮುಚ್ಚಿಕೊಳ್ಳುತ್ತಿರುವಂತೆ ನನಗೇ ಕೇಳಿಸುತ್ತಿತ್ತು. ಅಪ್ಪ ಮಾತ್ರ ಮೊದಲ ಸಲಕ್ಕೇ ತಲೆಯಾಡಿಸಿದರು.

"ನಾನು ಕೆಲ್ಸ ನಿಲ್ಸಿ ಅಂತ ಈ ತುದೀಲಿ ಕೂಗಿದ್ರೆ, ಇಳಿಜಾರಿನ ಆ ತುದೀಲಿ ಇದ್ದೋಳ ಕೈ ನಿಲ್ಲಕ್ಕೆ ಎಷ್ಟು ಹೊತ್ತು ಬೇಕು? ಹಾಗೇ ಅಲ್ವಾ?"

"ಹಾಗೇ" ಎಂದೆ.

ಅಮ್ಮ ಒಲೆಯ ಮುಂದೆ ಕೂತು ಅಕ್ಕಿ ರೊಟ್ಟಿ ತಟ್ಟುತ್ತಿದ್ದಳು. ಅವಳು ಆವರೆಗೂ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

"ಬ್ರೇಕ್ ಹಾಕಿದ್ ಮೇಲೆ ನೀನೆಂತ ಮಾಡ್ದೆ?"

"ಹಾರ್ನ್ ಒತ್ತಿ ಹಿಡ್ಕಂಡೆ."

"ಮತ್ತೆ?"

"ಮತ್ತೆ ಎಂತ ಮಾಡಕ್ಕೆ ಇರಲ್ಲ ಅಮ್ಮ. ನೋಡ್ತಾ ಇದ್ದೆ."

ಅವಳ ಕೈ ರೊಟ್ಟಿಯ ಮೇಲೆ ಹಾಗೇ ನಿಂತಿತು. ಆಮೇಲೆ ರೊಟ್ಟಿಯನ್ನು ಕಾವಲಿಗೆ ಹಾಕಿ, "ಅವ್ರ ಮನೆಗೆ ಹೋಗಿ ಬರಣ" ಎಂದಳು.

"ಬೇಡ. ಹೊಡೀತಾರೆ" ಎಂದರು ಅಪ್ಪ.

"ಹೊಡೆದ್ರೆ ಹೊಡೀಲಿ. ನಾನಿರ್ತೀನಲ್ಲ."

ಸತ್ತವರ ಊರಿನ ಹೆಸರನ್ನು ಹತ್ತಿರದ ರೈಲ್ವೆ ಗೇಟಿನವನು ಅವತ್ತೇ ಹೇಳಿದ್ದ. ಮುಂಜಾನೆಯ ಬಸ್ಸಿಗೆ ಹೊರಟು ಚಿಕ್ಕಮಗಳೂರಿನಲ್ಲಿ ಬಸ್ಸು ಬದಲಿಸಿ, ಕಡೂರಿನಿಂದ ಆಟೋದಲ್ಲಿ ಹೋದೆವು. ಅಮ್ಮ ಒಂದು ಚೀಲದಲ್ಲಿ ಕಿತ್ತಳೆ ಹಣ್ಣು ತಂದಿದ್ದಳು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಂದ ಕೆಳಗಿಡಲಿಲ್ಲ. ಹೇಗೆ ಮಾತು ಶುರು ಮಾಡುವುದೆಂದು ನಾನು ಯೋಚಿಸುತ್ತಿದ್ದೆ. ಪೈಪು, ಗಾಳಿ, ಸಿಲಿಂಡರು. ಮತ್ತೆ ಅದನ್ನೇ.

ಹೆಂಚಿನ ಮನೆ. ಮುಂದೆ ತೆನೆ ಬಡಿಯದ ರಾಗಿಯ ರಾಶಿ ಹಾಗೇ ಬಿದ್ದಿತ್ತು. ತೀರಿಕೊಂಡವರ ಹೆಂಡತಿ ಬಾಗಿಲಲ್ಲಿ ಕೂತಿದ್ದರು. ನಾನು ಯಾರೆಂದು ಹೇಳಿದೆ. ಅವರು ಎದ್ದು ನಿಂತು ನನ್ನ ಮುಖವನ್ನು ನೋಡಿದರು.

"ನೀನಾ ಓಡುಸ್ತಿದ್ದದ್ದು?"

"ಹೌದಮ್ಮ. ನಾನು ಬ್ರೇಕ್..."

"ಅದು ಬ್ಯಾಡ" ಎಂದರು. "ಅವ್ರು ಕೂಗ್ಕಂಡ್ರಾ? ಏನಾರ ಅಂದ್ರಾ?"

ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ, ವಿಚಾರಣೆಯಲ್ಲಿ ಕೂಡ. ಎಂಜಿನ್ನಿನ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ.

"ಕೇಳಿಸ್ಲಿಲ್ಲಮ್ಮ. ನನ್ನ ಕಡೆ ನೋಡ್ಲೇ ಇಲ್ಲ. ಎತ್ತಿನ ಮುಖಾನೇ ನೋಡ್ತಿದ್ರು. ಅದಕ್ಕೇ ಏನೋ ಹೇಳ್ತಿದ್ದ ಹಾಗೆ ಇತ್ತು."

ಅವರು ಅಳಲಿಲ್ಲ. "ಹಂಗೇ ಅವ್ರು. ದನದ ತಾವ ಆಡೋವಷ್ಟು ಮಾತ ನಮ್ಮ ತಾವ ಆಡ್ತಿರಲಿಲ್ಲ" ಎಂದು ಗೋಡೆಗೆ ಒರಗಿ ಕೂತರು. ಅಮ್ಮ ಅವರ ಪಕ್ಕದಲ್ಲಿ ಹೋಗಿ ಕೂತಳು. ಅವರು ಎದ್ದು, "ಬಿಸಿಲಲ್ಲಿ ಬಂದಿದೀರ" ಎಂದು ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದರು. ನನ್ನ ಲೋಟವನ್ನು ಕೈಗೆ ಕೊಡಲಿಲ್ಲ, ಜಗಲಿಯ ಮೇಲಿಟ್ಟರು. ಕುಡಿದೆ.

ಹೊರಡುವಾಗ ಅಮ್ಮ ಚೀಲವನ್ನು ಬಾಗಿಲ ಪಕ್ಕ ಇಟ್ಟಳು. ಅವರು ಬೇಡವೆನ್ನಲಿಲ್ಲ, ಹೋಗಿ ಬನ್ನಿ ಎಂದೂ ಅನ್ನಲಿಲ್ಲ.

ಹಿಂದಿರುಗುವಾಗ ಕಡೂರಿನ ಗೇಟು ಹಾಕಿತ್ತು. ಆಟೋ ನಿಂತಿತು. ಒಂದು ಗೂಡ್ಸ್ ಗಾಡಿ ಬಂತು, ನಾನು ಓಡಿಸುವಂಥದ್ದೇ. ಅಮ್ಮ ಇಷ್ಟು ಹತ್ತಿರದಿಂದ ರೈಲು ನೋಡಿದ್ದು ಅದೇ ಮೊದಲು. ನೆಲ ಅದುರಿತು. ಅವಳು ನನ್ನ ತೋಳು ಹಿಡಿದುಕೊಂಡು ಒಂದೊಂದೇ ವ್ಯಾಗನ್ನು ದಾಟುವುದನ್ನು ನೋಡುತ್ತಿದ್ದಳು. ಮುಗಿಯಿತು ಅನ್ನುವಷ್ಟರಲ್ಲಿ ಇನ್ನೂ ಬರುತ್ತಿದ್ದವು.

"ಇಷ್ಟುದ್ದನಾ?" ಎಂದಳು.

"ಹ್ಞೂಂ."

ಗೇಟು ತೆಗೆದ ಮೇಲೆ ಕೇಳಿದಳು. "ಯಾವತ್ತು ಡ್ಯೂಟಿಗೆ ಹೋಗದು?"

"ಸೋಮವಾರ."

ಬೇರೆ ಕೆಲಸಕ್ಕೆ ಹಾಕಿಸಿಕೋ ಎಂದು ಹೇಳುತ್ತಾಳೇನೋ ಎಂದುಕೊಂಡೆ. ಹೇಳಿದ್ದರೆ ಒಪ್ಪುತ್ತಿದ್ದೆನೋ ಏನೋ. ಅವಳು ಹೇಳಲಿಲ್ಲ. ಸೋಮವಾರ ಹೋದೆ.