ಅತ್ತೆ ಮುಗಿಸಿದ ಆಟ

ಮದುವೆಯಾಗಿ ಕದ್ವಾಡದಿಂದ ಅಂಕೋಲೆಗೆ ಬಂದ ಮೊದಲ ಮಳೆಗಾಲದಲ್ಲಿ ಆ ಮನೆಯೊಳಗೆ ಇದ್ದದ್ದು ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ. ಗಂಡ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ಮದುವೆಗೆಂದು ಪಡೆದ ರಜೆ ಮುಗಿದದ್ದೇ ಮುಂಬಯಿ ಬಸ್ಸು ಹತ್ತಿದರು. ಇನ್ನು ಬರುವುದು ಮುಂದಿನ ವರ್ಷ. ಮಾವ ತೀರಿಕೊಂಡು ಬಹಳ ಕಾಲವಾಗಿತ್ತು. ಮನೆ ಬಾಳೆಗುಳಿ ಕ್ರಾಸಿನಿಂದ ತುಸು ಒಳಗೆ, ಗದ್ದೆಯ ಅಂಚಿನಲ್ಲಿ. ಹುಬ್ಬಳ್ಳಿಯ ಕಡೆ ತಿರುಗುವ ಲಾರಿಗಳ ಹಾರ್ನು ಹಗಲೆಲ್ಲ ಕೇಳುತ್ತಿತ್ತು. ಅದು ಬಿಟ್ಟರೆ ಮನೆಯಲ್ಲಿ ಸದ್ದೇ ಇಲ್ಲ.

ಅತ್ತೆ ಕೆಟ್ಟವರಲ್ಲ. ಮಾತು ಕಮ್ಮಿ, ಅಷ್ಟೇ. ಬೆಳಿಗ್ಗೆ ಎದ್ದು ಗದ್ದೆಗೆ ಹೋಗುವರು, ಬಂದು ಗಂಜಿ ಉಣ್ಣುವರು, ಮೀನಿನವಳು ಬಂದರೆ ಬಂಗಡೆಯ ಕಿವಿರು ಎತ್ತಿ ನೋಡಿ ಎರಡು ಮಾತು ಆಡುವರು. ನನ್ನೊಂದಿಗೆ ಏನು ಮಾತಾಡಬೇಕೆಂದು ಅವರಿಗೂ ತಿಳಿಯುತ್ತಿರಲಿಲ್ಲ. ನಮ್ಮ ಕದ್ವಾಡದ ಮಾತಿನಲ್ಲಿ ಕೊಂಕಣಿ ಅರ್ಧ ಸೇರಿರುತ್ತದೆ. ಗಾಬರಿಯಾದರೆ ನನಗೆ ಕನ್ನಡವೇ ಬಾಯಿಗೆ ಬರುವುದಿಲ್ಲ. ಅವರ ಮಾತೋ, ಅಂಕೋಲೆಯ ಗದ್ದೆ ಬದಿಯದು. ಒಬ್ಬರಿಗೊಬ್ಬರು ಎರಡೆರಡು ಸಲ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಸುಮ್ಮನಿರುವುದೇ ಸುಲಭ.

ಆಷಾಢದ ಹೊತ್ತಿಗೆ ನನಗೆ ವಾಂತಿ ಶುರುವಾಯಿತು. ಬಸುರಿ ಎಂದು ಗೊತ್ತಾದ ಮೇಲೆ ಅತ್ತೆ ನನ್ನನ್ನು ಕೊಟ್ಟಿಗೆಗೂ ಬಿಡಲಿಲ್ಲ. ಒಂದು ಮಧ್ಯಾಹ್ನ ಮಳೆ ಧೋ ಎಂದು ಹೊಯ್ಯುತ್ತಿತ್ತು. ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಅಳುತ್ತಿದ್ದದ್ದು ಅವರಿಗೆ ಹೇಗೆ ತಿಳಿಯಿತೋ, ಬಾಗಿಲಲ್ಲಿ ಬಂದು ನಿಂತರು.

"ಆಯಿ ನೆನಪಾಯ್ತೋ?"

ಅಮ್ಮನನ್ನು ನಮ್ಮ ಕಡೆ ಆಯಿ ಎನ್ನುವುದು. ಅವರು ಒಳಗೆ ಬಂದು ಹೇಳಿದರು, "ಏಳು ತಂಗೀ. ಅಂವ ತಂದಿಟ್ಟು ಹೋಗಿದ್ನಲ್ಲ, ಟೀವಿ ಮೇಲೆ ಅದೆಂತದೋ. ಅದನ್ನಾದ್ರೂ ಹಚ್ಚು. ನಾನೂ ನೋಡ್ತೆ."

ಅದು ವಿಡಿಯೋ ಗೇಮು. ಹಡಗಿನ ಜೊತೆಗಾರನೊಬ್ಬನಿಂದ ಕೊಂಡು ತಂದಿದ್ದರು ನನ್ನ ಗಂಡ. ಒಂದೇ ಕ್ಯಾಸೆಟ್ಟು. ಹೋಗುವ ಮುಂಚೆ ಹೇಗೆ ಹಚ್ಚುವುದೆಂದು ತೋರಿಸಿಕೊಟ್ಟಿದ್ದರು. ಆಗ ನನಗೆ ಅವರ ಮುಖ ನೋಡುವುದರಲ್ಲೇ ಆಸಕ್ತಿ, ತೋರಿಸಿದ್ದು ಅರ್ಧ ಮರೆತಿತ್ತು. ತಂತಿ ಹಚ್ಚಿ, ಕಿತ್ತು, ಮತ್ತೆ ಹಚ್ಚಿ, ಕೊನೆಗೆ ಟೀವಿಯಲ್ಲಿ ಕಪ್ಪು ಆಕಾಶ ಮೂಡಿತು. ಅದರಲ್ಲೊಂದು ಸಣ್ಣ ಹಡಗು ಉರಿಯುತ್ತ ಕೆಳಗೆ ಬೀಳುತ್ತಿತ್ತು.

ಕಾರವಾರದ ಕಾಲೇಜಿನಲ್ಲಿ ಪಿಯುಸಿ ಮಾಡಿದ ಇಂಗ್ಲಿಷು ನನ್ನದು. ಅಕ್ಷರಗಳು ಪರದೆಯ ಮೇಲೆ ನಿಧಾನ ಬರುತ್ತಿದ್ದವು, ಗುಂಡಿ ಒತ್ತುವವರೆಗೆ ನಿಲ್ಲುತ್ತಿದ್ದವು. ಅದೊಂದು ಪುಣ್ಯ. ಓದಿ, ಕೂಡಿಸಿ, ಅತ್ತೆಗೆ ಹೇಳಿದೆ. ಒಬ್ಬಳು ಹುಡುಗಿ, ಆಕಾಶದ ಹಡಗು ನಡೆಸುವವಳು. ಅವಳ ಆಯಿ ವರ್ಷಗಳ ಹಿಂದೆ ಇನ್ನೊಂದು ಗ್ರಹಕ್ಕೆ ಹೋದವಳು ತಿರುಗಿ ಬಂದಿಲ್ಲ. ಹುಡುಕಲು ಹೊರಟ ಮಗಳ ಹಡಗು ಈಗ ಅದೇ ಗ್ರಹದ ಮೇಲೆ ಬಿದ್ದಿದೆ.

"ಯಾವ ಗ್ರಹ? ಶನಿಯೋ?" ಅತ್ತೆ ಕೇಳಿದರು.

"ಅಲ್ಲ ಅತ್ತೆ. ಹೆಸರಿಲ್ಲದ್ದು."

"ಶನಿಯೇ ಇರ್ಬೇಕು. ಇಲ್ದಿದ್ರೆ ಇಷ್ಟು ಕಷ್ಟ ಎಂತಕೆ ಬತ್ತಿತ್ತು ಆ ಹೆಣ್ಣಿಗೆ?"

ನಾನು ನಕ್ಕೆ. ಆ ಮನೆಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲಿರಬೇಕು, ಯಾಕೆಂದರೆ ಅತ್ತೆ ಟೀವಿ ಬಿಟ್ಟು ನನ್ನ ಮುಖ ನೋಡಿದರು.

ಮರುದಿನ ಊಟವಾದದ್ದೇ ಅವರೇ ಟೀವಿಯ ಮುಂದೆ ಚಾಪೆ ಹಾಸಿದರು.

ಆ ಗ್ರಹದಲ್ಲಿ ಎಲ್ಲಿ ನೋಡಿದರೂ ಸಮುದ್ರ. ಊರುಗಳೆಲ್ಲ ನೀರಲ್ಲಿ ಮುಳುಗಿ ಗೋಪುರದ ತುದಿಗಳು ಮಾತ್ರ ಕಾಣುತ್ತಿದ್ದವು. ಹುಡುಗಿ ದಿಬ್ಬದಿಂದ ದಿಬ್ಬಕ್ಕೆ ಹಾರಬೇಕು, ಅಡ್ಡ ಬರುವ ಕಬ್ಬಿಣದ ಏಡಿಗಳೊಂದಿಗೆ ಹೊಡೆದಾಡಬೇಕು. ಹೊಡೆದಾಟ ಬಂದರೆ ನಾನು ಕಣ್ಣು ಮುಚ್ಚಿ ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿ "ರಾವ್! ರಾವ್!" ಎಂದು ಕೊಂಕಣಿಯಲ್ಲಿ ಕೂಗುತ್ತಿದ್ದೆ. ನಿಲ್ಲು ನಿಲ್ಲು ಎಂದರೆ ಏಡಿ ನಿಲ್ಲುತ್ತದೆಯೇ? ಎರಡು ದಿನ ಸಹಿಸಿದ ಅತ್ತೆ ಮೂರನೆಯ ದಿನ ಕೈಚಾಚಿದರು. "ಕೊಡು ಇಲ್ಲಿ." ಅವರೂ ಸೋತರು. ಮತ್ತೆ ಆಡಿದರು, ಮತ್ತೆ ಸೋತರು. ಆದರೆ ಸಿಟ್ಟು ಮಾಡಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಏಡಿ ಕಾಲು ಮಡಚಿ ಬಿದ್ದಾಗ "ಹೋಗು, ಸಾರಿಗೂ ಆಗೂದಿಲ್ಲ ನೀನು" ಎಂದು ಅದಕ್ಕೆ ಬೈದು ಎದ್ದು ಹಾಲು ಕರೆಯಲು ಹೋದರು.

ಅಂದಿನಿಂದ ಓದುವುದು ನಾನು, ಆಡುವುದು ಬಹುಪಾಲು ಅವರು. ದಾರಿಯಲ್ಲಿ ಅಲ್ಲಲ್ಲಿ ನೀಲಿ ದೀಪದ ಕಂಬಗಳಿದ್ದವು. ಅದರ ಹತ್ತಿರ ನಿಂತರೆ ಅಲ್ಲಿಯವರೆಗಿನ ಆಟ ಉಳಿಯುತ್ತಿತ್ತು. ಎಲ್ಲೋ ದೂರ ಗುಡುಗಿದರೆ ಸಾಕು, ಕರೆಂಟು ಹೋದೀತೆಂದು ನಾನು "ಕಂಬ, ಅತ್ತೆ, ಕಂಬ!" ಎನ್ನುತ್ತಿದ್ದೆ; ಅವರು ತಲೆ ತಗ್ಗಿಸಿ ಕಂಬದ ಕಡೆ ಓಡಿಸುತ್ತಿದ್ದರು.

ಮುಳುಗಿದ ಊರೊಂದರ ತುಕ್ಕಿನ ರಾಶಿಯಲ್ಲಿ ಹುಡುಗಿಗೆ ಒಬ್ಬ ಯಂತ್ರಮಾನವ ಸಿಕ್ಕಿದ. ಕೊಳೆ ಒರೆಸಿದೊಡನೆ ಕಣ್ಣು ಬಿಟ್ಟ. ಡೊಳ್ಳು ಹೊಟ್ಟೆ, ಕುಂಟು ಕಾಲು, ಎದೆಯಲ್ಲೊಂದು ದೀಪ. ಅತ್ತೆ ಅವನಿಗೆ ಡಬ್ಬಿಯಣ್ಣ ಎಂದು ಹೆಸರಿಟ್ಟರು. ಅವನು ಹೊಡೆದಾಡುತ್ತಿರಲಿಲ್ಲ. ಹಿಂದೆ ಹಿಂದೆ ನಡೆದು ಬರುತ್ತಿದ್ದ, ಕತ್ತಲಲ್ಲಿ ದೀಪ ಹಿಡಿಯುತ್ತಿದ್ದ, ಹುಡುಗಿ ಬಿದ್ದರೆ ಎತ್ತುತ್ತಿದ್ದ. ನಡುನಡುವೆ ಒಂದೊಂದು ಮಾತಾಡುತ್ತಿದ್ದ. ಇಲ್ಲಿ ಮೊದಲು ಮಕ್ಕಳು ಆಡುತ್ತಿದ್ದರು, ಇಲ್ಲಿ ಒಂದು ಮರವಿತ್ತು, ಅಂಥ ಮಾತು. ಅತ್ತೆ ಕೆಲವೊಮ್ಮೆ ಹುಡುಗಿಯನ್ನು ಮುಂದೆ ನಡೆಸಿ, ಅವನು ಕುಂಟುತ್ತ ಬಂದು ಸೇರುವವರೆಗೆ ಸುಮ್ಮನೆ ನಿಲ್ಲಿಸುತ್ತಿದ್ದರು. ಹಾಗೆ ನಿಲ್ಲಿಸಬೇಕಾದ ಅಗತ್ಯವೇ ಇರಲಿಲ್ಲ.

ಹಾಗೆ ಆಡುತ್ತಲೇ ನಮ್ಮ ಮಾತೂ ಬೆಳೆಯಿತು. ಶೇಂಗಾ ಸುಲಿಯುತ್ತ, ಹುಣಸೆ ಬೀಜ ತೆಗೆಯುತ್ತ, ಆಯಿ ಎಲ್ಲಿ ಇದ್ದಾಳು ಎಂದು ಚರ್ಚಿಸುತ್ತಿದ್ದೆವು. ಆ ಹುಡುಗಿಯ ಆಯಿಯಿಂದ ನನ್ನ ಆಯಿಗೆ ಮಾತು ಹೊರಳುತ್ತಿತ್ತು, ಅಲ್ಲಿಂದ ಅತ್ತೆಯ ತವರಿಗೆ. ಬಂಗಡೆಯ ಸಾರಿನ ವಾಸನೆಗೆ ನನಗೆ ಹೊಟ್ಟೆ ತೊಳಸುತ್ತಿತ್ತೆಂದು ಅವರು ಅಷ್ಟೂ ತಿಂಗಳು ಹಿತ್ತಲಲ್ಲಿ ಮೂರು ಕಲ್ಲು ಹೂಡಿ ಮೀನು ಬೇಯಿಸಿದರು. ಅದನ್ನು ಹೇಳಲಿಲ್ಲ, ಮಾಡಿದರು.

ಭತ್ತದ ಕೊಯ್ಲು ಮುಗಿದ ಹೊತ್ತಿಗೆ ನಾವು ದೊಡ್ಡ ಬಾಗಿಲ ಮುಂದೆ ಬಂದು ನಿಂತೆವು. ಬಾಗಿಲಾಚೆ ಹುಡುಗಿಯ ಆಯಿ ಇದ್ದಾಳೆಂದು ಗೊತ್ತಾಗಿತ್ತು. ಬಾಗಿಲು ತೆರೆಯಬೇಕಾದರೆ ಪಕ್ಕದ ಕಬ್ಬಿಣದ ಹಿಡಿಕೆಯನ್ನು ಯಾರಾದರೂ ಕೆಳಗೆ ಒತ್ತಿ ಹಿಡಿದಿರಬೇಕು. ಬಾಗಿಲು ತೆರೆದದ್ದೇ ಆ ಕೋಣೆಗೆ ಸಮುದ್ರ ನುಗ್ಗುತ್ತದೆ. ಡಬ್ಬಿಯಣ್ಣ ಕುಂಟುತ್ತ ಹೋಗಿ ಹಿಡಿಕೆಗೆ ಕೈ ಹಾಕಿದ. ಪರದೆಯ ಮೇಲೆ ಅಕ್ಷರ ಬಂತು.

"ಏನಂತಾನೆ ಅಂವ?" ಅತ್ತೆ ಕೇಳಿದರು.

ನಾನು ಓದಿ ಹೇಳಿದೆ. "ನೀ ಹೋಗು, ನಾ ಹಿಡ್ಕಂಡಿರ್ತೆ ಅಂತಾನೆ."

"ಮತ್ತೆ ಅಂವ?"

"ಅವ ಬರುದಿಲ್ಲ ಅತ್ತೆ. ನೀರು ಬರ್ತದೆ."

ಕೆಳಗೆ ಎರಡು ಶಬ್ದಗಳು ಮಿನುಗುತ್ತಿದ್ದವು. ಹೋಗು. ಉಳಿ. ಅತ್ತೆ 'ಉಳಿ' ಎಲ್ಲಿದೆ ಎಂದು ಕೇಳಿ ಅದನ್ನೇ ಒತ್ತಿದರು. ಡಬ್ಬಿಯಣ್ಣ ಹಿಡಿಕೆ ಬಿಟ್ಟು ಬಂದು ಮತ್ತೆ ಹುಡುಗಿಯ ಹಿಂದೆ ನಿಂತ. ಅತ್ತೆ ಇಬ್ಬರನ್ನೂ ಕರೆದುಕೊಂಡು ಬಂದ ದಾರಿಯಲ್ಲೇ ತಿರುಗಿ ಹೊರಟರು.

ಆಮೇಲೆ ಪ್ರತಿ ಮಧ್ಯಾಹ್ನ ಹೀಗೇ. ಆಟ ಹಚ್ಚುವುದು, ಹುಡುಗಿಯನ್ನೂ ಡಬ್ಬಿಯಣ್ಣನನ್ನೂ ದಂಡೆಯುದ್ದಕ್ಕೆ ನಡೆಸುವುದು, ಗೋಪುರದ ಬುಡದಲ್ಲಿ ಕೂರಿಸುವುದು. ಏಡಿಗಳೆಲ್ಲ ಸತ್ತಿದ್ದವು, ಆ ಗ್ರಹದಲ್ಲಿ ಮಾಡಲು ಬೇರೆ ಕೆಲಸವೇ ಉಳಿದಿರಲಿಲ್ಲ. ನನಗೆ ಮುಂದೇನೆಂದು ತಿಳಿಯುವ ಆಸೆ ತಡೆಯಲಾಗಲಿಲ್ಲ.

"ಅತ್ತೆ, ಅದು ಬರೇ ಆಟ ಅಲ್ವೋ? ಒತ್ತಿಬಿಡಿ."

"ಆಟ ಅಂತ ನಂಗೂ ಗೊತ್ತದೆ," ಅಂದರು. "ಆಟ ಆದ್ರೂ ಒತ್ತೂದು ನನ್ನ ಕೈಯೇ ಅಲ್ಲೋ?"

ನಾನು ಶೇಂಗಾದ ಬುಟ್ಟಿಯನ್ನು ಮತ್ತೆ ಹತ್ತಿರ ಎಳೆದುಕೊಂಡೆ.

ಏಳನೆಯ ತಿಂಗಳಲ್ಲಿ ಹೂ ಮುಡಿಸುವ ಶಾಸ್ತ್ರ ಮಾಡಿ ತವರಿನವರು ನನ್ನನ್ನು ಹೆರಿಗೆಗೆ ಕರೆದೊಯ್ದರು. ಹೊರಡುವ ಬೆಳಿಗ್ಗೆ, ಸೀರೆಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಅತ್ತೆ ಬಂದು, ಯಾರಾದರೂ ಕೇಳಿಸಿಕೊಂಡಾರೆಂಬಂತೆ ಮೆಲ್ಲಗೆ ಹೇಳಿದರು, "ಅದರ ತಂತಿ ಹ್ಯಾಂಗೆ ಹಚ್ಚೂದು, ಒಂದ್ಸಲ ತೋರ್ಸಿ ಹೋಗು." ತೋರಿಸಿದೆ. ಅವರೇ ಒಮ್ಮೆ ಕಿತ್ತು ಹಚ್ಚಿ ನೋಡಿದರು. ನಾನು ಕಾರು ಹತ್ತುವಾಗ ಗದ್ದೆಯ ಏರಿಯವರೆಗೆ ಬಂದು ನಿಂತರು. "ಹುಷಾರು" ಎಂದಷ್ಟೇ ಹೇಳಿದರು.

ಕಾರವಾರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಹುಟ್ಟಿತು. ಸುದ್ದಿ ಮುಟ್ಟಿದ ಮರುದಿನವೇ ಅತ್ತೆ ಬಸ್ಸು ಹಿಡಿದು ಬಂದರು. ಕೈಯಲ್ಲಿ ಬಾಣಂತಿಯರಿಗೆ ಕೊಡುವ ಅಳ್ವಿ ಉಂಡೆಯ ಡಬ್ಬ, ಹಳೆಯ ಮೆತ್ತನೆಯ ಸೀರೆಯ ತುಂಡುಗಳು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಹಳ ಹೊತ್ತು ನೋಡಿದರು. ನನ್ನ ಆಯಿ ಚಹಾ ತಂದುಕೊಟ್ಟಳು. ಅತ್ತೆ ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದರು.

"ಮುಗೀತು ಮಾರಾಯ್ತಿ," ಅಂದರು.

ಗಂಡನ ಹಡಗಿಗೆ ಏನೋ ಆಯಿತೆಂದೇ ಮೊದಲು ತಲೆಗೆ ಬಂದದ್ದು. ಆಯಿಯೂ ಬಣ್ಣಗೆಟ್ಟು "ಕೋಣ್ ಗೆಲೋ?" ಎಂದಳು, ಯಾರು ಹೋದರು ಎಂದು.

"ಯಾರೂ ಇಲ್ಲ, ಯಾರೂ ಇಲ್ಲ," ಅತ್ತೆ ಗಾಬರಿಯಿಂದ ಕೈಯಾಡಿಸಿದರು. "ನಮ್ಮ ಡಬ್ಬಿಯಣ್ಣಂದು."

ನಾನು ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಮಾಡಿದೆ. ಹೊಲಿಗೆ ಹಾಕಿದ ಜಾಗ ಚುಳ್ಳೆಂದಿತು. ಆಯಿ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡುತ್ತಿದ್ದಳು.

"ಯಾಕೆ ಒತ್ತಿದ್ರಿ ಅತ್ತೆ?"

ಅವರು ಮಗುವಿನ ಕಾಲು ಸವರುತ್ತ ಹೇಳಿದರು. "ನೀ ಹೋದ್ಮೇಲೆ ಮನೆ ಖಾಲಿ ಖಾಲಿ ಆಯ್ತು. ಒಬ್ಳೇ ಕೂತು ಅವರಿಬ್ರನ್ನ ದಂಡೆ ಮೇಲೆ ತಿರುಗಿಸ್ತಿದ್ದೆ. ಒಂದಿನ ಅನಿಸ್ತು, ಆ ಬಾಗ್ಲಾಚೆ ಒಬ್ಳು ಆಯಿ ಕೂತಿದ್ಲಲ್ಲ, ಎಷ್ಟು ದಿವ್ಸದಿಂದ ಕಾಯ್ತದೋ ಪಾಪ. ಅವಳ ನೆನಪೇ ಇರ್ಲಿಲ್ಲ ನಂಗೆ. ಡಬ್ಬಿಯಣ್ಣಂಗೆ ಹೇಳ್ದೆ, ಬೇಜಾರ ಮಾಡ್ಕಬೇಡ ತಮ್ಮಾ, ಹೋಗು ಅಂದಂವ ನೀನೇ ಅಲ್ಲೋ ಅಂತ. ಹಾಂಗೆ ಹೇಳಿ 'ಹೋಗು' ಒತ್ತಿದೆ."

"ಆಮೇಲೆ?"

"ಬಾಗ್ಲು ತೆರೀತು. ನೀರು ಬಂತು. ಅಂವ ಹಿಡಿಕೆ ಹಿಡ್ಕಂಡೇ ನಿಂತ, ಅಲುಗ್ಲಿಲ್ಲ. ತಲೆ ಮೇಲೆ ನೀರು ಹೋದ್ರೂ ಎದೆ ದೀಪ ಕಾಣ್ತಿತ್ತು. ಅಂವ ಸತ್ತ ಅಂತ ನಾ ಹೇಳೂದಿಲ್ಲ. ಹುಡ್ಗಿ ಮೆಟ್ಲು ಹತ್ತಿ ಹತ್ತಿ ಹೋಯ್ತು. ಮೇಲೆ ಒಂದು ಕೋಣೆ. ಅಲ್ಲಿ ಕೂತಿತ್ತು ಆಯಿ, ತಲೆ ಪೂರಾ ಬೆಳ್ಳಗಾಗಿ."

"ಏನಂದ್ಲು?"

"ಅಕ್ಷರ ಬಂತು, ಬಾಳ ಬಂತು. ನಂಗೆ ಓದೂಕೆ ಬತ್ತದ್ಯೋ? ನಾನೇ ತಿಳ್ಕಂಡೆ."

"ಏನಂತ?"

ಅತ್ತೆ ನನ್ನನ್ನು ಇಷ್ಟೂ ತಿಳಿಯದವಳೇ ಎಂಬಂತೆ ನೋಡಿದರು.

"ಉಂಡ್ಯಾ ಅಂತ ಕೇಳ್ತು. ಆಯಿ ಮತ್ತೆಂತ ಕೇಳೂದು?"

ನನ್ನ ಆಯಿಗೆ ಅಷ್ಟು ಮಾತ್ರ ಅರ್ಥವಾಯಿತು. ಹೌದು ಹೌದು ಎಂದು ತಲೆಯಾಡಿಸಿ, ಅತ್ತೆಯ ಮುಂದೆ ಅವಲಕ್ಕಿಯ ತಟ್ಟೆ ಇಟ್ಟಳು.

ಬೇಸಗೆಯಲ್ಲಿ ಗಂಡ ರಜೆಗೆ ಬಂದರು. ಮಗಳನ್ನು ಎತ್ತಿಕೊಳ್ಳಲು ಹೆದರಿ ಹೆದರಿ, ಕೊನೆಗೆ ಎತ್ತಿಕೊಂಡ ಮೇಲೆ ಕೆಳಗಿಳಿಸಲು ಒಪ್ಪದ ಮನುಷ್ಯ. ತಾಯಿ ಆಟ ಮುಗಿಸಿದ ಸಂಗತಿ ಕೇಳಿ ಮೊದಲು ನಂಬಲಿಲ್ಲ. ಆಮೇಲೆ ತಾವೇ ಕೂತು ಮೊದಲಿಂದ ಆಡಿದರು. ನಾವಿಬ್ಬರೂ ಚಾಪೆಯ ಮೇಲೆ ಕೂತು ನೋಡಿದೆವು. ದೊಡ್ಡ ಬಾಗಿಲ ಹತ್ತಿರ ಅವರು ಒಂದು ಕ್ಷಣವೂ ನಿಲ್ಲದೆ 'ಹೋಗು' ಒತ್ತಿದಾಗ ಅತ್ತೆ "ಅಯ್ಯಯ್ಯೋ" ಎಂದು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಬಿಳಿ ತಲೆಯ ಆಯಿ ಮಾತಾಡತೊಡಗಿದಳು. ಗಂಡ ಓದಿ ಕನ್ನಡದಲ್ಲಿ ಹೇಳುತ್ತ ಹೋದರು: ಈ ಗ್ರಹ ಹೇಗೆ ಮುಳುಗಿತು, ಯಂತ್ರಗಳನ್ನು ಯಾರು ಕಟ್ಟಿದರು, ಶಕ್ತಿ ಎಲ್ಲಿಂದ ಬರುತ್ತದೆ. ಬಹಳ ಉದ್ದವಿತ್ತು.

ಅತ್ತೆ ಪೂರ್ತಿ ಕೇಳಿದರು. ಮುಗಿದ ಮೇಲೆ ಎದ್ದು ಚಾಪೆ ಸುತ್ತುತ್ತ, "ಬರೆದವಂಗೆ ಗೊತ್ತಿಲ್ಲ ಬಿಡು," ಎಂದು ಹೇಳಿ ಒಳಗೆ ಹೋದರು.

ನಮ್ಮ ಕಡೆಯ ಉಪ್ಪು ಗಾಳಿಗೆ ಕಬ್ಬಿಣವೇ ನಿಲ್ಲುವುದಿಲ್ಲ, ಇನ್ನು ಆ ಪೆಟ್ಟಿಗೆ ಎಷ್ಟು ಕಾಲ ಬಾಳೀತು. ನಾಲ್ಕನೆಯ ಮಳೆಗಾಲದಲ್ಲಿ ಹಚ್ಚಿದರೆ ಬರೀ ಗೆರೆಗಳು ಬಂದವು. ಅಂಕೋಲೆ ಪೇಟೆಯ ಟೀವಿ ರಿಪೇರಿಯವನು ತೆರೆದು ನೋಡಿ, ಒಳಗೆಲ್ಲ ಹಸಿರು ಹಿಡಿದಿದೆ ಎಂದ.

ಅಷ್ಟರಲ್ಲಿ ಮಗಳು ಮಾತು ಕಲಿತಿದ್ದಳು, ಊಟ ಮಾಡಲು ಸತಾಯಿಸುವುದನ್ನೂ. ಮಧ್ಯಾಹ್ನ ಜಗಲಿಯ ಮೇಲೆ ಅವಳನ್ನು ಕೂರಿಸಿಕೊಂಡು, ಗಂಜಿಯ ಬಟ್ಟಲು ಹಿಡಿದು ಅತ್ತೆ ಕತೆ ಹೇಳುತ್ತಿದ್ದರು. ನಾನು ಒಳಗೆ ತೆಂಗಿನಕಾಯಿ ತುರಿಯುತ್ತ ಕೇಳುತ್ತಿದ್ದೆ. ಶನಿ ಗ್ರಹದಲ್ಲಿ ಒಂದು ಊರಿತ್ತಂತೆ, ಪೂರಾ ನೀರು. ಅಲ್ಲಿ ಒಬ್ಬ ಡಬ್ಬಿಯಣ್ಣ ಇದ್ದನಂತೆ. ಬಾಗಿಲಿನ ಹತ್ತಿರ ಬಂದಾಗಲೆಲ್ಲ ಮಗಳು ಬಾಯಿ ತೆರೆಯುವುದನ್ನೇ ಮರೆಯುತ್ತಿದ್ದಳು. ಒಂದು ದಿನ ಅವಳು ಕೇಳಿದಳು, "ಅಂವ ಈಗ ಎಲ್ಲಿದ್ದ ಅಜ್ಜಿ?"

ನಾನು ತುರಿಯುವುದನ್ನು ನಿಲ್ಲಿಸಿದೆ.

"ಈಜಿ ದಂಡೆಗೆ ಬಂದ," ಅತ್ತೆ ಹೇಳಿದರು. "ಮೈ ಒಣಗಿಸ್ಕಳ್ತಾ ಅದಾನೆ. ಬಾಯಿ ತೆಗಿ."

ಮಗಳು ಬಾಯಿ ತೆರೆದಳು.